ತಲೆಯ ಮೇಲೆ ಬಂದ ಮಿಷನ್ನು

ಹೋದ ಆಷಾಢದ ಒಂದು ರಾತ್ರಿ, ಮೂರು ಗಂಟೆಯ ಹೊತ್ತಿಗೆ, ನಮ್ಮ ನಡುಮನೆಯಲ್ಲಿ ದೊಡ್ಡ ಸದ್ದಾಯಿತು. ಬೆಕ್ಕು ಏನೋ ಬೀಳಿಸಿರಬೇಕು ಎಂದುಕೊಂಡು ಎದ್ದುಹೋಗಿ ದೀಪ ಹಾಕಿದೆ. ಮೂರು ತಿಂಗಳ ಹಿಂದೆ ಚಾವಣಿಗೆ ಹಾಕಿಸಿದ್ದ ಪ್ರೊಜೆಕ್ಟರು ನೆಲದ ಮೇಲೆ ಮಗುಚಿ ಬಿದ್ದಿತ್ತು. ಅದರ ಜೊತೆ ಫಾಲ್ಸ್ ಸೀಲಿಂಗಿನ ತಟ್ಟೆಯಗಲದ ಒಂದು ತುಂಡೂ ಕಿತ್ತು ಬಂದಿತ್ತು. ಎಲ್ಲೆಲ್ಲೂ ಬಿಳಿ ಪುಡಿ. ಅಮ್ಮ ದಿನಾ ಸಂಜೆ ಕೂರುವ ಬೆತ್ತದ ಕುರ್ಚಿಯ ಬಲಗೈ ಮುರಿದು ನೇತಾಡುತ್ತಿತ್ತು.

ಅಮ್ಮನಿಗೆ ಈಗ ಟೀವಿಯ ಚಿತ್ರ ಸಣ್ಣದಾಗಿ ಕಾಣುತ್ತದೆ. ಹಳೆಯ ಸಿನಿಮಾಗಳನ್ನು ಗೋಡೆ ತುಂಬ ತೋರಿಸೋಣವೆಂದು ಪ್ರೊಜೆಕ್ಟರ್ ತಂದಿದ್ದೆ. ಅಂಗಡಿಯವರು ಕಳಿಸಿದ ಹುಡುಗ ಜಿಪ್ಸಮ್ ಹಲಗೆಗೆ ನಾಲ್ಕು ತೂತು ಕೊರೆದು, ಪ್ಲಾಸ್ಟಿಕ್ ಗುಟ್ಟ ತುರುಕಿ, ಸ್ಕ್ರೂ ಬಿಗಿದು, ಕೈಯಲ್ಲೊಮ್ಮೆ ಅಲ್ಲಾಡಿಸಿ ‘ಗಟ್ಟಿ ಇದೆ ಸಾರ್’ ಎಂದಿದ್ದ. ಕೆಳಗೆ ನಿಂತು ಏಣಿ ಹಿಡಿದಿದ್ದ ನಾನೂ ಹೂಂ ಎಂದಿದ್ದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಸದ್ದಿಗೆ ಎದ್ದುಬಂದ ಅಮ್ಮ ಕುರ್ಚಿಯನ್ನು ನೋಡಿದರು, ಮೇಲಿನ ತೂತನ್ನು ನೋಡಿದರು. ‘ಟೆಂಟಿನಲ್ಲಿ ಮಿಷನ್ನು ನಮ್ಮ ಬೆನ್ನ ಹಿಂದೆ, ಗೋಡೆಯಿಂದಾಚೆ ಇರ್ತಿತ್ತು ಕಣೋ. ನೀನ್ಯಾಕೆ ಅದನ್ನ ತಂದು ನನ್ನ ತಲೆ ಮೇಲೆ ಇಟ್ಟೆ?’ ಎಂದರು.

ನಾನು ಕಾಲೇಜಿನಲ್ಲಿ ಚರಿತ್ರೆ ಹೇಳುವವನು. ಅಮ್ಮನ ಪ್ರಶ್ನೆ ನಿಜವಾಗಿ ಚರಿತ್ರೆಯ ಪ್ರಶ್ನೆ ಎನ್ನುವುದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು. ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರದ ಕಥೆಯನ್ನು ನಾವು ಸಾಮಾನ್ಯವಾಗಿ ಚಿತ್ರದ ಕಡೆಯಿಂದ ಹೇಳುತ್ತೇವೆ. ಆ ಯಂತ್ರವನ್ನು ಜನರಿಂದ ಎಷ್ಟು ದೂರ, ಯಾವುದರ ಹಿಂದೆ, ಯಾವುದರ ಮೇಲೆ ಇಟ್ಟರು ಎಂದು ಯಾರೂ ಕೇಳುವುದಿಲ್ಲ. ಕೇಳುತ್ತ ಹೋದರೆ ಅದೇ ಒಂದು ಕಥೆಯಾಗುತ್ತದೆ.

ಮೊದಲಿಗೆ ಅದು ಮೇಜಿನ ಮೇಲಿತ್ತು. 1659ರ ಸುಮಾರಿಗೆ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಒಂದು ಲಾಂದ್ರ ರೂಪಿಸಿದ. ಶನಿಗ್ರಹಕ್ಕೆ ಉಂಗುರವಿದೆಯೆಂದು ಕಂಡುಕೊಂಡವನೂ, ಲೋಲಕದ ಗಡಿಯಾರ ಮಾಡಿದವನೂ ಇದೇ ಹೈಗೆನ್ಸ್. ಪೆಟ್ಟಿಗೆಯೊಳಗೆ ದೀಪ, ಮುಂದೆ ಬಣ್ಣ ಬರೆದ ಗಾಜು, ಅದರ ಮುಂದೆ ಮಸೂರ. ಆ ಗಾಜಿಗಾಗಿ ಅವನು ಬರೆದುಕೊಂಡ ಚಿತ್ರಗಳು ಈಗಲೂ ಉಳಿದಿವೆ. ಅವುಗಳಲ್ಲಿ ಒಂದು ಅಸ್ಥಿಪಂಜರ ತನ್ನ ತಲೆಬುರುಡೆಯನ್ನು ತಾನೇ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತದೆ. ಆದರೆ ಹೈಗೆನ್ಸನಿಗೆ ಇದು ಹುಡುಗಾಟದ ಸಾಮಾನು ಎನಿಸಿತ್ತು. 1662ರಲ್ಲಿ ಅವನ ತಂದೆ, ಫ್ರಾನ್ಸಿನ ಅರಮನೆಯಲ್ಲಿ ತೋರಿಸಲು ಒಂದು ಲಾಂದ್ರ ಬೇಕೆಂದರು. ದೊಡ್ಡ ವಿಜ್ಞಾನಿಯೆನಿಸಿಕೊಂಡ ಮಗನಿಗೆ ನಾಚಿಕೆ. ಇಲ್ಲವೆನ್ನಲಾರದೆ ಲಾಂದ್ರವನ್ನೇನೋ ಕಳಿಸಿದ, ಆದರೆ ಅದು ಕೆಲಸ ಮಾಡದಂತೆ ಒಂದು ಮಸೂರ ತೆಗೆದುಬಿಡು ಎಂದು ತಮ್ಮನಿಗೆ ಗುಟ್ಟಾಗಿ ಕಾಗದ ಬರೆದ.

ಆ ಲಾಂದ್ರದಲ್ಲಿ ಗಾಜಿನ ಚಿತ್ರವನ್ನು ತಲೆಕೆಳಗಾಗಿ ಇಡಬೇಕಿತ್ತು. ಮಸೂರ ಅದನ್ನು ತಿರುಗಿಸಿ ಗೋಡೆಯ ಮೇಲೆ ನೆಟ್ಟಗೆ ಬಿಡುತ್ತಿತ್ತು. ಈಗ ನಾವು ಪ್ರೊಜೆಕ್ಟರನ್ನೇ ತಲೆಕೆಳಗಾಗಿ ನೇತುಹಾಕಿ, ಚಿತ್ರ ತಿರುಗಿಸುವ ಕೆಲಸವನ್ನು ಅದರ ಮೆನುವಿಗೆ ಬಿಡುತ್ತೇವೆ.

1790ರ ದಶಕದ ಕೊನೆಗೆ ಪ್ಯಾರಿಸ್ಸಿನಲ್ಲಿ ರಾಬರ್ಟ್‌ಸನ್ ಎಂಬ ಹೆಸರಿನಿಂದ ಆಟ ಆಡುತ್ತಿದ್ದವನು ಲಾಂದ್ರವನ್ನು ಪರದೆಯ ಹಿಂದೆ ಬಚ್ಚಿಟ್ಟ. ಅದಕ್ಕೆ ಚಕ್ರ ಕೂರಿಸಿ ಹಿಂದೆ ಮುಂದೆ ಉರುಳಿಸುತ್ತಿದ್ದ. ಭೂತ ಬೆಳೆಯುತ್ತ ಮೈಮೇಲೆ ಬರುವಂತೆ ಕಂಡು ಜನ ಹೆದರುತ್ತಿದ್ದರು. ಯಂತ್ರ ಅಡಗಿದ್ದು ಬೆರಗಿಗಾಗಿಯೇ ಹೊರತು ಅಪಾಯದ ಯೋಚನೆಯಿಂದಲ್ಲ. ಅಪಾಯವೇನೂ ಇರಲಿಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎಣ್ಣೆದೀಪದ ಬೆಳಕು ಸಾಲದೆ, ಆಕ್ಸಿಜನ್ ಹೈಡ್ರೋಜನ್‌ಗಳ ಉರಿಯಲ್ಲಿ ಸುಣ್ಣದ ತುಂಡು ಕಾಯಿಸಿ ಬೆಳಕು ಪಡೆಯುವ ಪದ್ಧತಿ ಬಂತು. ಗ್ಯಾಸು ತುಂಬಿದ ರಬ್ಬರಿನ ಚೀಲಗಳ ಮೇಲೆ ಹಲಗೆ, ಅದರ ಮೇಲೆ ಭಾರ ಹೇರಿ, ಆಟ ಮುಗಿಯುವವರೆಗೂ ಅದರ ಪಕ್ಕದಲ್ಲೇ ಕೂರುತ್ತಿದ್ದರು. ನಮ್ಮಲ್ಲಿ 1890ರ ದಶಕದಲ್ಲಿ ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನರು ಮಕ್ಕಳೊಡಗೂಡಿ, ಗಾಜಿನ ಮೇಲೆ ಬರೆದ ಪುರಾಣದ ಚಿತ್ರಗಳನ್ನು ‘ಶಾಂಬರಿಕ ಖರೋಲಿಕಾ’ ಎಂಬ ಹೆಸರಿನಲ್ಲಿ ತೋರಿಸುತ್ತಿದ್ದರು.

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲ್ಯುಮಿಯೇರ್ ಸಹೋದರರ ಚಲಿಸುವ ಚಿತ್ರಗಳ ಪ್ರದರ್ಶನವಾಯಿತು. 1896ರ ಜುಲೈ 7ಕ್ಕೆ ಅದು ಮುಂಬಯಿಯ ವಾಟ್ಸನ್ ಹೋಟೆಲಿಗೂ ಬಂತು. ಇಲ್ಲಿಂದ ಅಪಾಯದ ಸ್ವರೂಪವೇ ಬದಲಾಯಿತು. ಆ ಕಾಲದ ಫಿಲ್ಮು ನೈಟ್ರೇಟಿನದು. ಒಮ್ಮೆ ಹತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಕೊಟ್ಟುಕೊಳ್ಳುತ್ತದೆ, ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಅಂಥದ್ದನ್ನು ಬಿಸಿ ದೀಪದ ಎದುರು ಹಾಯಿಸಬೇಕು. ಲ್ಯುಮಿಯೇರರು ದೀಪಕ್ಕೂ ಫಿಲ್ಮಿಗೂ ನಡುವೆ ನೀರು ತುಂಬಿದ ಗಾಜಿನ ಬುರುಡೆ ಇಟ್ಟರು. ನೀರು ಬೆಳಕನ್ನು ಒಟ್ಟುಗೂಡಿಸಿ ಕಳಿಸುತ್ತಿತ್ತು, ಕಾವನ್ನು ತಾನು ಹೀರಿಕೊಳ್ಳುತ್ತಿತ್ತು. ಬುರುಡೆ ಒಡೆದರೆ ಬೆಳಕು ಚದುರಿಹೋಗಿ ಫಿಲ್ಮು ಉಳಿಯುತ್ತಿತ್ತು. ಕೆಡುವಾಗಲೂ ಅಪಾಯವಾಗದ ಹಾಗೆ ಕೆಡಬೇಕು ಎಂಬ ಈ ಯೋಚನೆ ನನಗೆ ಆಮೇಲೆ ಏಣಿಯ ಮೇಲೆ ನಿಂತಾಗ ನೆನಪಾಯಿತು.

ಆದರೆ ಎಲ್ಲರೂ ಅಷ್ಟು ಜಾಗ್ರತೆಯವರಲ್ಲ. 1897ರ ಮೇ 4ರಂದು ಪ್ಯಾರಿಸ್ಸಿನ ಜಾನ್ ಗುಜಾನ್ ಬೀದಿಯಲ್ಲಿ ಶ್ರೀಮಂತ ಮನೆತನಗಳ ಹೆಂಗಸರು ಬಡವರ ಸಹಾಯಾರ್ಥವಾಗಿ ‘ಬಜಾರ್ ದ ಲಾ ಶಾರಿತೆ’ ಎಂಬ ಸಂತೆ ನಡೆಸಿದ್ದರು. ಮರದ ಉದ್ದನೆಯ ಕೊಟ್ಟಿಗೆ. ಅದರೊಳಗೆ ಬಟ್ಟೆ, ರಟ್ಟುಗಳಲ್ಲಿ ಹಳೆಯ ಕಾಲದ ಬೀದಿಯ ದೃಶ್ಯ ಕಟ್ಟಿದ್ದರು. ಮೇಲೆ ಸೂರು ಕಾಣದಂತೆ ಉದ್ದಕ್ಕೂ ದೊಡ್ಡ ಬಟ್ಟೆ ಎಳೆದಿದ್ದರು. ಈಗಿನ ಮಾತಿನಲ್ಲಿ ಅದೊಂದು ಫಾಲ್ಸ್ ಸೀಲಿಂಗ್. ಪಕ್ಕದಲ್ಲಿ ಸಿನಿಮಾ. ಪ್ರೇಕ್ಷಕರಿಗೂ ಯಂತ್ರಕ್ಕೂ ನಡುವೆ ಇದ್ದದ್ದು ಬಟ್ಟೆಯ ಗೋಡೆ. ದೀಪ ಈಥರಿನದು. ಈಥರ್ ಮುಗಿದು ತುಂಬಿಸಿದರು. ಕತ್ತಲಲ್ಲಿ ಕಾಣದೆ ಒಂದು ಬೆಂಕಿಕಡ್ಡಿ ಗೀರಿದರು. ಗಾಳಿಯಲ್ಲಿದ್ದ ಈಥರಿನ ಆವಿ ಹೊತ್ತಿಕೊಂಡಿತು.

ಬೆಂಕಿ ಗೋಡೆಯಿಂದ ಮೇಲಿನ ಬಟ್ಟೆಗೆ ಏರಿತು. ಆ ಚಾವಣಿ ಉರಿಯುತ್ತ ಕೆಳಗಿದ್ದವರ ಮೇಲೆ ಬಿತ್ತು. 120ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಹೆಂಗಸರು. ಆಸ್ಟ್ರಿಯಾದ ರಾಣಿಯ ತಂಗಿಯೂ ಅವರಲ್ಲಿದ್ದಳು. ಹಿಂದಿನ ಹೋಟೆಲಿನ ಅಡುಗೆಯವರು ಕಿಟಕಿಯ ಕಂಬಿ ಮುರಿದು ಅನೇಕರನ್ನು ಎಳೆದುಕೊಂಡರು. ಆ ಜಾಗದಲ್ಲಿ ಈಗ ಒಂದು ಸಣ್ಣ ಚರ್ಚಿದೆ. ಈ ದುರಂತದ ಬಗ್ಗೆ ಮೊದಲೇ ಓದಿದ್ದೆ. ಆದರೆ ಆ ಮೇಲಿನ ಬಟ್ಟೆಯ ವಿವರ ನನ್ನ ಮನಸ್ಸಿನಲ್ಲಿ ನಿಂತದ್ದು ನಮ್ಮ ಮನೆಯ ಬಿಳಿ ಪುಡಿಯನ್ನು ಗುಡಿಸಿದ ಮೇಲೆ. ಚಂದಕ್ಕೆಂದು ಎಳೆದ ಚಾವಣಿಯನ್ನು ನಿಜವಾದ ಚಾವಣಿ ಎಂದು ನಂಬುವುದು ಹೊಸ ತಪ್ಪೇನಲ್ಲ.

ಗೋಡೆ ಗೋಡೆಯೇ ಆಗಿರಬೇಕು, ಬಟ್ಟೆಯಾಗಿದ್ದರೆ ಸಾಲದು ಎನ್ನುವುದನ್ನು ಕಾನೂನು ಇಂಥ ಅನಾಹುತಗಳಿಂದ ಕಲಿತುಕೊಂಡಿತು. ಬ್ರಿಟನ್ನಿನಲ್ಲಿ 1909ರ ಸಿನಿಮಟೋಗ್ರಾಫ್ ಕಾಯಿದೆ ಬಂತು. ಅದರ ನಿಯಮಗಳು ಯಂತ್ರವನ್ನು ಬೆಂಕಿ ತಡೆಯುವ ಪ್ರತ್ಯೇಕ ಕೋಣೆಯಲ್ಲಿ ಇಡಬೇಕೆಂದವು. ಭಾರತಕ್ಕೆ 1918ರಲ್ಲಿ ಅಂಥದೇ ಕಾಯಿದೆ ಬಂದಿತು. ಅದನ್ನು ನಾವು ಇವತ್ತು ಸೆನ್ಸಾರಿನ ಆರಂಭ ಎಂದಷ್ಟೇ ಓದುತ್ತೇವೆ. ನಾನೂ ತರಗತಿಯಲ್ಲಿ ಹಾಗೇ ಹೇಳುತ್ತ ಬಂದಿದ್ದೆ. ಆದರೆ ಅದೇ ಕಾಯಿದೆಯಲ್ಲಿ, ನೋಡಲು ಬರುವವರ ಸುರಕ್ಷತೆಗೆ ತಕ್ಕ ಎಚ್ಚರ ವಹಿಸಿದ್ದಾರೆಂದು ಖಾತ್ರಿಯಾಗದ ಹೊರತು ಲೈಸೆನ್ಸು ಕೊಡಕೂಡದು ಎಂಬ ಮಾತೂ ಇದೆ. ಚಿತ್ರದಲ್ಲಿ ಏನಿದೆ ಎಂಬ ಭಯ, ಚಿತ್ರ ಬಿಡುವ ಪೆಟ್ಟಿಗೆ ಏನು ಮಾಡೀತು ಎಂಬ ಭಯ ಎರಡೂ ಒಂದೇ ಕಾಗದದಲ್ಲಿದ್ದವು. ಎರಡನೆಯದನ್ನು ಮರೆತಿದ್ದೇವೆ.

ಅಮ್ಮ ಹೇಳಿದ ಗೋಡೆ ಬಂದದ್ದು ಹೀಗೆ. ದಕ್ಷಿಣದಲ್ಲಿ ಟೆಂಟ್ ಸಿನಿಮಾಕ್ಕೆ ದಾರಿ ಹಾಕಿದವರಲ್ಲಿ ತಿರುಚಿನಾಪಳ್ಳಿಯ ಸ್ವಾಮಿಕಣ್ಣು ವಿನ್ಸೆಂಟ್ ಮುಖ್ಯರು. ರೈಲ್ವೆಯಲ್ಲಿ ಕೆಲಸಕ್ಕಿದ್ದವರು 1905ರಲ್ಲಿ ಫ್ರೆಂಚನೊಬ್ಬನಿಂದ ಯಂತ್ರ ಕೊಂಡು ಊರೂರು ತಿರುಗಿದರು. ಅಮ್ಮನ ಕಾಲಕ್ಕೆ ಟೂರಿಂಗ್ ಟಾಕೀಸು ನಮ್ಮ ಸೀಮೆಯ ಹೋಬಳಿಗಳಿಗೂ ಬಂದಿತ್ತು. ಸಂಜೆ ಘಂಟಸಾಲರ ಭಕ್ತಿಗೀತೆ ಕೇಳಿದರೆ ಟಿಕೆಟ್ ಕೊಡುತ್ತಾರೆಂದು ಅರ್ಥ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ, ಕಡೆಗೆ ಕ್ಯಾಬಿನ್ನು. ಜನರಿಗೆ ಗುಡಾರ, ಮಿಷನ್ನಿಗೆ ಗೋಡೆ! ಆ ಗೋಡೆಯಲ್ಲಿ ಎರಡು ಮೂರು ಸಣ್ಣ ಕಿಂಡಿ. ‘ನಾವು ಹಿಂದಕ್ಕೆ ತಿರುಗಿ ಆ ಕಿಂಡಿನೇ ನೋಡ್ತಿದ್ವಿ. ಬೆಳಕಿನಲ್ಲಿ ಬೀಡಿ ಹೊಗೆ ಸುತ್ತೋದೇ ಒಂದು ಸಿನಿಮಾ’ ಎನ್ನುತ್ತಾರೆ ಅಮ್ಮ. ಪಕ್ಕಾ ಕಟ್ಟಿದ ಥಿಯೇಟರುಗಳಲ್ಲಿ ಅಂಥ ಕಿಂಡಿಗಳಿಗೆ ಕಬ್ಬಿಣದ ಮುಚ್ಚಳ ತೂಗುಹಾಕಿ, ಕಾವಿಗೆ ಕರಗುವ ಕೊಂಡಿಯಿಂದ ಹಿಡಿದಿಡುವ ಏರ್ಪಾಡಿತ್ತು. ಒಳಗೆ ಬೆಂಕಿಯೆದ್ದರೆ ಕೊಂಡಿ ಕರಗಿ ಮುಚ್ಚಳ ತಾನಾಗಿ ಬೀಳುತ್ತಿತ್ತು. ಜನ ಉಳಿಯುತ್ತಿದ್ದರು. ಒಳಗಿದ್ದ ಆಪರೇಟರಿನ ಪಾಡು ಬೇರೆ.

ಗೋಡೆಯಿಂದಾಚೆ ಹೋದ ಯಂತ್ರ ಮನೆಯೊಳಗೆ ಬರಬೇಕಾದರೆ ಬೆಂಕಿಯ ಭಯ ಹೋಗಬೇಕಿತ್ತು. 1912ರಲ್ಲಿ ಪಾತೆ ಕಂಪನಿ ಮನೆಬಳಕೆಗೆಂದು ಸುಲಭವಾಗಿ ಹೊತ್ತಿಕೊಳ್ಳದ 28 ಮಿಲಿಮೀಟರ್ ಫಿಲ್ಮು ತಂದಿತು. 1923ರಲ್ಲಿ ಕೊಡ್ಯಾಕ್ 16 ಮಿಲಿಮೀಟರಿನದನ್ನು ತಂದು, ಅದನ್ನು ಆ ಬಗೆಯ ಸೇಫ್ಟಿ ಫಿಲ್ಮಿನಲ್ಲಿ ಮಾತ್ರ ಮಾಡಿತು. ಯಂತ್ರ ಮತ್ತೆ ಮೇಜಿನ ಮೇಲೆ, ಸೋಫಾದ ಪಕ್ಕ ಬಂದು ಕೂತಿತು.

ಅಲ್ಲಿಂದ ಅದು ಚಾವಣಿಗೆ ಏರಿದ್ದಕ್ಕೆ ಕಾರಣ ವಿಡಿಯೋ. ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಕೊಳವೆಗಳಿದ್ದ ಪ್ರೊಜೆಕ್ಟರುಗಳಲ್ಲಿ ಮೂರೂ ಚಿತ್ರಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಕೂರಿಸಬೇಕಿತ್ತು. ಒಮ್ಮೆ ಕೂರಿಸಿದ ಮೇಲೆ ಯಂತ್ರ ಅಲುಗಬಾರದು. ಮೇಜಿನ ಮೇಲಿದ್ದರೆ ಯಾರಾದರೂ ಎಡವುತ್ತಾರೆ, ಯಾರದೋ ತಲೆ ಬೆಳಕಿಗೆ ಅಡ್ಡ ಬರುತ್ತದೆ. ಹಾಗಾಗಿ ಮೇಲೆ. ಕೆಲವು 50 ಕಿಲೋಗಿಂತ ಹೆಚ್ಚು ತೂಗುತ್ತಿದ್ದವು. ಅಷ್ಟು ಭಾರವನ್ನು ಕಾಂಕ್ರೀಟಿಗೋ ಉಕ್ಕಿನ ತೊಲೆಗೋ ಬಿಟ್ಟು ಬೇರೆಯದಕ್ಕೆ ಕಟ್ಟುವ ಯೋಚನೆ ಯಾರಿಗೂ ಬರಲಾರದು. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಲ್ಯಾರಿ ಹಾರ್ನ್‌ಬೆಕ್ ಸೂಕ್ಷ್ಮ ಕನ್ನಡಿಗಳ ಚಿಪ್ಪು ಮಾಡಿದರು. ಎಲ್‌ಸಿಡಿಯೂ ಬಂತು. ಯಂತ್ರ ಮೂರು ನಾಲ್ಕು ಕಿಲೋಗೆ ಇಳಿಯಿತು. ಭಾರ ಇಳಿದಂತೆ ಭಯವೂ ಇಳಿಯಿತು. ನಾಲ್ಕು ಕಿಲೋ ತಾನೆ ಎನ್ನುವ ಧೈರ್ಯದಲ್ಲೇ ನಮ್ಮ ಮನೆಯ ಸ್ಕ್ರೂ ಜಿಪ್ಸಮ್ಮಿಗೆ ಹೋದದ್ದು.

ಎರಡನೆಯ ಸಲ ಪಕ್ಕದ ಬೀದಿಯ ಹಳೆಯ ಎಲೆಕ್ಟ್ರಿಷಿಯನ್ನರನ್ನು ಕರೆದೆ. ಅವರು ಮೊದಲು ಮುರಿದ ತೂತಿನೊಳಗೆ ಟಾರ್ಚು ಬಿಟ್ಟು ತೋರಿಸಿದರು. ಬೆರಳ ದಪ್ಪವೂ ಇಲ್ಲದ ಹಲಗೆ, ಅದನ್ನು ಹಿಡಿದ ತೆಳು ತಗಡಿನ ಪಟ್ಟಿ, ಮುಕ್ಕಾಲು ಅಡಿ ಮೇಲೆ ನಿಜವಾದ ಆರ್‌ಸಿಸಿ. ‘ಈ ಹಲಗೆ ತನ್ನ ಭಾರ ತಾನು ಹೊತ್ಕೊಳ್ಳುತ್ತೆ ಸ್ವಾಮಿ, ನಿಮ್ಮದನ್ನಲ್ಲ’ ಎಂದರು. ಫ್ಯಾನಿನ ಡಬ್ಬಿಯಿಂದ ವೈರಿನ ಪೈಪು ಕಾಂಕ್ರೀಟಿನೊಳಗೆ ಯಾವ ಕಡೆ ಹೋಗಿದೆಯೆಂದು ಗುರುತು ಹಾಕಿ, ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯ ಡ್ರಿಲ್ಲಿನಿಂದ ಗಾರೆ ದಾಟಿ ಕಾಂಕ್ರೀಟಿಗೆ ಇಳಿಯುವಷ್ಟು ಕೊರೆದರು. ತೂತಿನ ಪುಡಿ ಊದಿ ತೆಗೆದು ಆಂಕರ್ ಬೋಲ್ಟು ಬಿಗಿದರು. ಅದಕ್ಕೆ ಹಿಡಿಸಿದ ಕಬ್ಬಿಣದ ಕೊಳವೆ ಹಲಗೆಯ ತೂತಿನ ಮೂಲಕ ಕೆಳಗಿಳಿಯಿತು, ಹಲಗೆಯನ್ನು ತಾಕದೆ. ಹೆಂಚಿನ ಮನೆಯಾಗಿದ್ದರೆ ರೀಪಿಗಲ್ಲ, ತೊಲೆಗೇ ಹಾಕಬೇಕು ಎಂದೂ ಹೇಳಿದರು.

ಪ್ರೊಜೆಕ್ಟರು ಹಾಕುವ ಮೊದಲು ಅದೇ ಕೊಳವೆಗೆ 25 ಕಿಲೋ ಅಕ್ಕಿಮೂಟೆ ಕಟ್ಟಿ ಒಂದು ರಾತ್ರಿ ಬಿಟ್ಟೆವು. ಕೆಳಗೆ ಯಾರೂ ಓಡಾಡದಂತೆ ಬೆಂಚು ಅಡ್ಡ ಇಟ್ಟಿದ್ದೆ. ಬೆಳಿಗ್ಗೆ ಎಲ್ಲ ಇದ್ದಲ್ಲೇ ಇತ್ತು. ನಾಟಕದ ರಂಗದಲ್ಲಿ ಮೇಲೆ ತೂಗುವ ದೀಪಗಳಿಗೆ ಕೊಂಡಿಯ ಜೊತೆಗೊಂದು ಸರಪಳಿ ಇರುತ್ತದೆ. ಕೊಂಡಿ ಬಿಟ್ಟರೂ ಸರಪಳಿ ಹಿಡಿಯುತ್ತದೆ. ಹಾಗೇ ಪ್ರೊಜೆಕ್ಟರಿನ ಹಿಡಿಕೆಯಿಂದ ಇನ್ನೊಂದು ಆಂಕರಿಗೆ ಉಕ್ಕಿನ ತಂತಿ ಕಟ್ಟಿಸಿದೆ. ಲ್ಯುಮಿಯೇರರ ನೀರಿನ ಬುರುಡೆ ನೆನಪಾದದ್ದು ಆಗ. ಬಿಸಿಗಾಳಿ ಹೊರಹೋಗುವ ಕಡೆ ಒಂದು ಅಡಿ ಜಾಗ ಬಿಟ್ಟೆವು. ಬಲ್ಬಿನ ಕಾವು ಈಗಲೂ ಕಾವೇ. ಕಡೆಯದಾಗಿ ಜಾಗವನ್ನೇ ಎರಡು ಅಡಿ ಹಿಂದಕ್ಕೆ ಸರಿಸಿದೆವು. ಈಗ ಅದರ ಕೆಳಗೆ ಓಡಾಡುವ ದಾರಿಯಿದೆ, ಯಾರೂ ಕೂರುವುದಿಲ್ಲ.

ಮೊದಲ ದಿನದ ಸಿನಿಮಾಕ್ಕೆ ಅಮ್ಮ ಕೈ ಕಟ್ಟಿಸಿದ ಅದೇ ಕುರ್ಚಿಯಲ್ಲಿ ಕೂತರು. ಆರಂಭವಾಗುವ ಮೊದಲು ತಲೆಯೆತ್ತಿ, ‘ಈಗ ಯಾವುದಕ್ಕೆ ಕಟ್ಟಿದೀಯ?’ ಎಂದು ಕೇಳಿದರು.

‘ಕಾಂಕ್ರೀಟಿಗೆ’ ಎಂದೆ.

‘ನೋಡಿದೆಯಾ?’

‘ನೋಡಿದೆ ಅಮ್ಮ. ಈ ಸಲ ನಾನೇ ಏಣಿ ಹತ್ತಿ ನೋಡಿದೆ.’

ಅವರು ಹೂಂ ಎಂದರು. ಆದರೂ ಎದ್ದು ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡೇ ಕೂತರು. ನಾನು ಬೇಡವೆನ್ನಲಿಲ್ಲ.