ಪೂರ್ವಾಪರದ ಇನ್ನರ್ಧ

ಸರ್ಕಾರಿ ನೌಕರಿಯ ಆಯ್ಕೆಪಟ್ಟಿಯಲ್ಲಿ ಹೆಸರು ಬಂದರೂ ನೇಮಕಾತಿ ಆದೇಶ ಕೈಗೆ ಸಿಗುವ ತನಕ ಕೆಲವು ಕಾಗದಗಳು ಓಡಾಡಬೇಕು. ಮೀಸಲಾತಿ ಕೇಳಿದವರಿಗೆ ಸಿಂಧುತ್ವ ಪ್ರಮಾಣಪತ್ರ, ಎಲ್ಲರಿಗೂ ವೈದ್ಯಕೀಯ ಪರೀಕ್ಷೆ, ಜೊತೆಗೆ ಪೊಲೀಸರಿಂದ ಆಗಬೇಕಾದ ಪೂರ್ವಾಪರ ಪರಿಶೀಲನೆ. ಮೊದಲಿನವೆರಡು ಎಷ್ಟೇ ಅಲೆಸಿದರೂ ಏನು ಕೇಳುತ್ತಾರೆ ಎಂಬುದು ಗೊತ್ತಿರುತ್ತದೆ. ಮೂರನೆಯದರ ಮಾತು ಬಂದಾಗ ಮಾತ್ರ ಮನೆಯವರು ದನಿ ತಗ್ಗಿಸುತ್ತಾರೆ. ಕಾಲೇಜಿನ ದಿನಗಳಲ್ಲಿ ಆದ ಒಂದು ಹೊಡೆದಾಟ, ಹೊಲದ ಬದುವಿನ ಜಗಳದಲ್ಲಿ ಚಿಕ್ಕಪ್ಪಂದಿರು ಮನೆಮಂದಿಯ ಮೇಲೆಲ್ಲ ಕೊಟ್ಟ ದೂರು, ಯಾವುದೋ ರಸ್ತೆತಡೆಯಲ್ಲಿ ಕೂತದ್ದಕ್ಕೆ ಬಿದ್ದ ಕೇಸು ಎಲ್ಲವೂ ಆಗ ನೆನಪಾಗುತ್ತವೆ.

ಇಷ್ಟು ಭಯ ಹುಟ್ಟಿಸುವ ಈ ಪದ ಮೂಲದಲ್ಲಿ ಬರೀ ದಿಕ್ಕಿನ ಹೆಸರು. ಮೂಡಲಿಗೆ ಮುಖಮಾಡಿ ನಿಂತವನಿಗೆ ಎದುರಿಗಿರುವುದು ಪೂರ್ವ, ಬೆನ್ನಿಗಿರುವುದು ಅಪರ. ಹಿಮಾಲಯವು ಮೂಡಣ ಕಡಲಿಂದ ಪಡುವಣ ಕಡಲವರೆಗೆ ಚಾಚಿದೆ ಎಂದು ವರ್ಣಿಸಲು ಕಾಳಿದಾಸ ‘ಕುಮಾರಸಂಭವ’ದ ಮೊದಲ ಶ್ಲೋಕದಲ್ಲೇ ಈ ಜೋಡಿಪದವನ್ನು ಬಳಸಿದ್ದಾನೆ. ಅದಕ್ಕೂ ಎಷ್ಟೋ ಹಿಂದೆ, ಅಶೋಕನ ಶಾಸನದಲ್ಲಿ ಪಶ್ಚಿಮದ ಅಂಚಿನ ನಾಡಿಗೆ ಅಪರಾಂತ ಎಂಬ ಹೆಸರಿದೆ. ಇಂದಿನ ಕೊಂಕಣದ ಸೀಮೆ ಅದು.

ದಿಕ್ಕಿನಿಂದ ಕಾಲಕ್ಕೆ ಈ ಪದ ಸರಿದದ್ದು ಸಹಜವೇ. ಸೂರ್ಯ ಮೊದಲು ಕಾಣುವ ಕಡೆ ‘ಮೊದಲು’ ಆಯಿತು, ಇಳಿಯುವ ಕಡೆ ‘ಆಮೇಲೆ’ ಆಯಿತು. ಪೂರ್ವಾಹ್ನ, ಅಪರಾಹ್ನ ಹುಟ್ಟಿದ್ದು ಹೀಗೆ. ಕೃಷ್ಣಪಕ್ಷಕ್ಕೆ ಅಪರಪಕ್ಷ ಎಂಬ ಹೆಸರಿದೆ, ಸತ್ತವರಿಗೆ ಮಾಡುವ ಕ್ರಿಯೆ ಅಪರಕರ್ಮ. ಅಪರಕ್ಕೆ ‘ಮತ್ತೊಂದು’ ಎಂಬ ಅರ್ಥವೂ ಇರುವುದರಿಂದ ನಮ್ಮ ಜಿಲ್ಲಾ ಕಚೇರಿಗಳಲ್ಲಿ ‘ಅಪರ ಜಿಲ್ಲಾಧಿಕಾರಿ’ ಎಂಬ ಫಲಕ ಕಾಣುತ್ತದೆ.

ಈ ಪದ ತನ್ನ ಪೂರ್ತಿ ಬಲದಲ್ಲಿ ಕಾಣಿಸುವುದು ಪ್ರಾಚೀನ ಜ್ಯೋತಿಷ ಮತ್ತು ವಾಸ್ತುಗಳ ಪೂರ್ವಾಪರ ರೇಖೆಯಲ್ಲಿ. ಗುಡಿ ಕಟ್ಟುವ ಮುನ್ನ ಸಮತಟ್ಟು ನೆಲದಲ್ಲಿ ಒಂದು ವೃತ್ತ ಎಳೆದು, ನಡುವೆ ಶಂಕು ಎಂಬ ನೇರ ಗೂಟ ನಿಲ್ಲಿಸುತ್ತಿದ್ದರು. ಬೆಳಗ್ಗೆ ಉದ್ದವಾಗಿ ಪಡುವಣಕ್ಕೆ ಬಿದ್ದ ನೆರಳು ಹೊತ್ತೇರಿದಂತೆ ಗಿಡ್ಡವಾಗುತ್ತ, ಅದರ ತುದಿ ಒಂದು ಗಳಿಗೆಯಲ್ಲಿ ವೃತ್ತವನ್ನು ಮುಟ್ಟಿ ಒಳಗೆ ಬರುತ್ತದೆ. ಅಲ್ಲಿ ಒಂದು ಗುರುತು. ಮಧ್ಯಾಹ್ನ ಕಳೆದ ಮೇಲೆ ನೆರಳು ಮೂಡಣಕ್ಕೆ ಬೆಳೆದು ವೃತ್ತವನ್ನು ದಾಟಿ ಹೊರಬೀಳುವಲ್ಲಿ ಇನ್ನೊಂದು ಗುರುತು. ಎರಡನ್ನೂ ಸೇರಿಸಿ ಎಳೆದ ಗೆರೆಯೇ ಪೂರ್ವಾಪರ ರೇಖೆ. ಬೆಳಗಿನ ಗುರುತೊಂದನ್ನೇ ನೆಚ್ಚಿ ಯಾವ ಸ್ಥಪತಿಯೂ ದಿಕ್ಕು ಹೇಳುತ್ತಿರಲಿಲ್ಲ. ಸಂಜೆಯ ಕಡೆಯ ಗುರುತು ಬೀಳುವವರೆಗೆ ಕಾಯುತ್ತಿದ್ದ. ಮನುಷ್ಯನನ್ನು ಅಳೆಯುವ ಕೆಲಸಕ್ಕೂ ಈ ಕಾಯುವಿಕೆ ಬೇಕು ಎಂಬುದೇ ನಾನು ಹೇಳಹೊರಟಿರುವ ಮಾತು.

ಶಾಸ್ತ್ರಕಾರರೂ ಈ ಪದವನ್ನು ಇದೇ ಎಚ್ಚರದಿಂದ ಬಳಸಿದರು. ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಅದು ಪೂರ್ವಾಪರ ವಿರೋಧ. ವಾಕ್ಯವೊಂದನ್ನು ಹಿಂದುಮುಂದಿನಿಂದ ಕಿತ್ತು ಅರ್ಥ ಹೇಳುವುದು ವ್ಯಾಖ್ಯಾನಕಾರರ ಲೋಕದಲ್ಲಿ ದೊಡ್ಡ ದೋಷ. ಕನ್ನಡದ ಮನೆಮಾತಿನಲ್ಲೂ ಹಾಗೆಯೇ. ‘ಪೂರ್ವಾಪರ ಯೋಚನೆ ಮಾಡದೆ ಮಾತು ಕೊಟ್ಟುಬಿಟ್ಟೆ’ ಎಂದು ಹಿರಿಯರು ಗದರುವಾಗ ಅವರ ಮನಸ್ಸಿನಲ್ಲಿರುವುದು ಮುಂದೆ ಆಗುವ ಪರಿಣಾಮ. ನಮ್ಮ ‘ಹಿಂದುಮುಂದು’ ಇದರ ಅಚ್ಚಗನ್ನಡ ಜೋಡಿ. ಹೆಣ್ಣು ಕೊಡುವವರು ಗಂಡಿನ ಪೂರ್ವಾಪರ ವಿಚಾರಿಸುವಾಗ ಅವನ ಅಜ್ಜ ಯಾರು ಎಂದಷ್ಟೇ ಕೇಳುವುದಿಲ್ಲ. ಒಂದು ಕಾಲಕ್ಕೆ ಇಸ್ಪೀಟಿನ ಚಟವಿತ್ತಂತೆ, ಈಗ ಹೇಗಿದ್ದಾನೆ ಎಂದೂ ಕೇಳುತ್ತಾರೆ. ಆ ‘ಈಗ’ ಎಂಬುದೇ ಅಪರ.

ಕಚೇರಿಯ ಕನ್ನಡಕ್ಕೆ ಬರುವಾಗ ಪದದ ಒಂದು ಕಾಲು ಮುರಿಯಿತು. ಬ್ರಿಟಿಷರ ಕಾಲದ ಕಡತಗಳಲ್ಲಿ ಇದ್ದದ್ದು ‘ಕ್ಯಾರೆಕ್ಟರ್ ಅಂಡ್ ಆಂಟಿಸಿಡೆಂಟ್ಸ್’. ಆಂಟಿಸಿಡೆಂಟ್ ಎಂದರೆ ಮುಂಚೆ ನಡೆದದ್ದು, ಅಷ್ಟೇ. ಹಿಂದಿಯವರು ಅದಕ್ಕೆ ‘ಪೂರ್ವವೃತ್ತ’ ಎಂದರು, ಮರಾಠಿಯವರು ‘ಪೂರ್ವಚಾರಿತ್ರ್ಯ’ ಎಂದರು. ಕನ್ನಡದ ಆಡಳಿತ ಹಳೆಯ ಜೋಡಿಪದವನ್ನೇ ತಂದು ‘ನಡತೆ ಮತ್ತು ಪೂರ್ವಾಪರ’ ಎಂದಿತು. ಪದ ದೊಡ್ಡದು ಸಿಕ್ಕಿತು, ಕೆಲಸ ಮಾತ್ರ ಪೂರ್ವವೃತ್ತದ್ದೇ ಉಳಿಯಿತು.

ನೇಮಿಸುವ ಮುನ್ನ ಪರೀಕ್ಷಿಸುವುದು ಬ್ರಿಟಿಷರು ಕಲಿಸಿದ್ದೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಓಲೆಗರಿಗಳಲ್ಲಿ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಈ ವಿಷಯಕ್ಕೆಂದೇ ಅಧ್ಯಾಯಗಳಿವೆ. ಅಮಾತ್ಯನಾಗುವವನ ನಾಡು, ಮನೆತನಗಳನ್ನು ಆಪ್ತರಿಂದ ತಿಳಿಯಬೇಕು, ವಿದ್ಯೆಯನ್ನು ಅದೇ ವಿದ್ಯೆ ಬಲ್ಲವರಿಂದ ಪರೀಕ್ಷಿಸಬೇಕು ಎನ್ನುತ್ತದೆ ಅದು. ಆಮೇಲೆ ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳು, ಅಂದರೆ ಗುಟ್ಟಾಗಿ ಒಡ್ಡುವ ಆಮಿಷಗಳು. ಹಣದ ಆಮಿಷಕ್ಕೆ ಬಗ್ಗದವನು ಬೊಕ್ಕಸದ ಕೆಲಸಕ್ಕೆ, ಧರ್ಮದ ನೆಪಕ್ಕೆ ಬಗ್ಗದವನು ನ್ಯಾಯ ಹೇಳುವ ಕೆಲಸಕ್ಕೆ. ಈ ಗೂಢಚಾರಿಕೆಯನ್ನು ನಾನು ಮೆಚ್ಚಲಾರೆ. ಆದರೆ ಯಾವ ಕೆಲಸಕ್ಕೆ ಯಾವ ದೋಷ ಮುಳುವು ಎಂದು ಬೇರೆಬೇರೆಯಾಗಿ ತೂಗಿದ ವಿವೇಕ ಅಲ್ಲಿದೆ.

ವಸಾಹತು ಆಡಳಿತಕ್ಕೆ ಆ ವಿವೇಕ ಬೇಡವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ನಮ್ಮ ಕಡೆ ಕೊರಚರು, ಗಂಟಿಚೋರರು ಇದರ ಏಟು ತಿಂದವರು. ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಇಂದಿಗೂ ಉಳಿದಿದೆ. ತಂತಿಬೇಲಿಯೊಳಗೆ ಜನರನ್ನು ಕೂಡಿಹಾಕಿ ಹಾಜರಿ ಕೂಗುತ್ತಿದ್ದ ಜಾಗಗಳವು. ಅಲ್ಲಿ ಹುಟ್ಟಿದ ಮಗುವಿಗೆ ತಾನು ಮಾಡದ ಪೂರ್ವ ಅಂಟಿಕೊಂಡಿತ್ತು, ಅಪರವೇ ಇರಲಿಲ್ಲ. ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ.

ಸ್ವತಂತ್ರ ಭಾರತದ ಪೊಲೀಸ್ ವರದಿಯೂ ಅಪರಾಧದ ಗಡಿ ದಾಟಿ ಅಭಿಪ್ರಾಯಗಳನ್ನು ಮೂಸಿ ನೋಡಿದ್ದುಂಟು. ಮಧ್ಯಪ್ರದೇಶದ ಶಾಲೆಯೊಂದರ ಶಿಕ್ಷಕರೊಬ್ಬರು ಹಿಂದೆ ಆರೆಸ್ಸೆಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಇದ್ದರೆಂಬ ವರದಿಯ ಮೇಲೆ ಅವರನ್ನು ಕೆಲಸದಿಂದ ತೆಗೆಯಲಾಗಿತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು 1983ರ ತೀರ್ಪಿನಲ್ಲಿ ಅದನ್ನು ಕಟುವಾಗಿ ತಳ್ಳಿಹಾಕಿದರು. ಹಿಂದಿನ ರಾಜಕೀಯ ನಂಬಿಕೆಗಾಗಿ ಅನ್ನ ಕಸಿಯುವುದು ಸಂವಿಧಾನಕ್ಕೆ ಒಪ್ಪದು ಎಂಬುದು ಅದರ ತಿರುಳು. ಯಾವ ಪಕ್ಷದವರಿಗೂ ಈ ರಕ್ಷಣೆ ಬೇಕಾಗುತ್ತದೆ.

ಕರ್ನಾಟಕದಲ್ಲಿ 1977ರ ಸಾಮಾನ್ಯ ನೇಮಕಾತಿ ನಿಯಮಗಳು ಅಭ್ಯರ್ಥಿಯ ನಡತೆ ಒಳ್ಳೆಯದೆಂದು ನೇಮಕಾತಿ ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು ಎನ್ನುತ್ತವೆ. ಕೊನೆಗೆ ಓದಿದ ಶಾಲೆ ಕಾಲೇಜಿನ ನಡತೆ ಪತ್ರದ ಜೊತೆಗೆ, ಸಂಬಂಧಿಕರಲ್ಲದ ಇಬ್ಬರು ಗೌರವಾನ್ವಿತ ವ್ಯಕ್ತಿಗಳ ಪತ್ರವೂ ಬೇಕು. ಕೂಲಿಯವರ ಮಗಳ ನಡತೆಯನ್ನು ಚೆನ್ನಾಗಿ ಬಲ್ಲವರು ಅವಳ ಕೇರಿಯವರು. ಪತ್ರ ಬರೆದುಕೊಡುವವರು ಮಾತ್ರ ಅವಳನ್ನು ಅಂದೇ ಮೊದಲು ಕಂಡ ಯಾರೋ ದೊಡ್ಡವರು. ಕೌಟಿಲ್ಯನ ‘ಆಪ್ತ’ರಿಗೂ ಈ ‘ಗೌರವಾನ್ವಿತ’ರಿಗೂ ಬಹಳ ಅಂತರವಿದೆ.

ಇನ್ನು ಕೇಸಿನ ವಿಷಯ. ಹರಿಯಾಣದ ನೌಕರರೊಬ್ಬರು ಅಶ್ಲೀಲ ವರ್ತನೆಯ ಕಲಮಿನಡಿ 20 ರೂಪಾಯಿ ದಂಡ ಕಟ್ಟಿದ್ದರು. ಅದಕ್ಕಾಗಿ ನೌಕರಿಯೇ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತು, ಇಂಥ ಚಿಲ್ಲರೆ ದಂಡಗಳು ಸರ್ಕಾರಿ ಉದ್ಯೋಗಕ್ಕೆ ಅಡ್ಡಿಯಾಗದಂತೆ ಸಂಸತ್ತು ಯೋಚಿಸಬೇಕು ಎಂದಿತು. ಅದೇ ವರ್ಷ ಅದೇ ನ್ಯಾಯಾಲಯ, ದೆಹಲಿಯ ಕಾನ್‌ಸ್ಟೇಬಲ್ ಹುದ್ದೆಯ ಅಭ್ಯರ್ಥಿಯೊಬ್ಬರು ಖುಲಾಸೆಯಾಗಿದ್ದರೂ ಹಿನ್ನೆಲೆ ನೋಡಿ ನೇಮಕ ನಿರಾಕರಿಸಿದ್ದು ಸರಿ ಎಂದಿತು. ಸಮವಸ್ತ್ರದ ಕೆಲಸಗಳಿಗೆ ಗಟ್ಟಿ ಜರಡಿ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಲಾಠಿ ಹಿಡಿಯುವವನ ಕೈ ಹಿಂದೆ ಏನು ಮಾಡಿತ್ತು ಎಂದು ತಿಳಿಯುವ ಹಕ್ಕು ಜನರಿಗಿದೆ. ಆದರೂ 2011ರಲ್ಲಿ, ಅದೇ ದೆಹಲಿ ಪೊಲೀಸರ ಇನ್ನೊಂದು ಪ್ರಕರಣದಲ್ಲಿ, ಎಳೆಯ ವಯಸ್ಸಿನ ದುಡುಕನ್ನು ಜೀವನಪೂರ್ತಿ ಬೆನ್ನಿಗೆ ಕಟ್ಟಬಾರದು ಎಂಬ ನಿಲುವನ್ನು ನ್ಯಾಯಾಲಯ ತಳೆಯಿತು.

ಹೀಗೆ ಅತ್ತಿತ್ತ ತೂಗಿದ ತಕ್ಕಡಿಯನ್ನು ನಿಲ್ಲಿಸಲು 2016ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಸೂತ್ರಗಳನ್ನು ಹಾಕಿಕೊಟ್ಟಿತು. ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು. ಎಳೆತನದಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಅಧಿಕಾರಿ ವಿವೇಚನೆಯಿಂದ ಮನ್ನಿಸಬಹುದು. ಫಾರಂನಲ್ಲಿ ಸ್ಪಷ್ಟವಾಗಿ ಕೇಳದೇ ಇದ್ದದ್ದನ್ನು ಹೇಳಲಿಲ್ಲ ಎಂದು ತಪ್ಪು ಹೊರಿಸುವಂತಿಲ್ಲ. ಬಾಲಾಪರಾಧದ ವಿಷಯದಲ್ಲಂತೂ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಇನ್ನೂ ಮುಂದೆ ಹೋಗಿದೆ: ದೊಡ್ಡವರಂತೆ ವಿಚಾರಣೆಗೊಳಗಾದ 16 ದಾಟಿದವರನ್ನು ಬಿಟ್ಟರೆ, ಉಳಿದ ಮಕ್ಕಳಿಗೆ ಆ ಪ್ರಕರಣದಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ.

ಇವೆಲ್ಲ ಕಾನೂನಿನ ಭಾಷೆಯಲ್ಲಿ ಅಪರದ ಮರುಪ್ರವೇಶಗಳೇ. ತೀರ್ಪುಗಳಲ್ಲಿ ಬಂದದ್ದು ಠಾಣೆಯ ವರದಿಯ ಹಾಳೆಗೂ ಬರಬೇಕು. ಪ್ರಕರಣದ ಸಂಖ್ಯೆ ಮತ್ತು ಕಲಂ ಬರೆದು ಕೈತೊಳೆದುಕೊಂಡರೆ ಅದು ಪೂರ್ವ ಮಾತ್ರ. ಆಗ ಅವನ ವಯಸ್ಸೆಷ್ಟು, ಕೇಸು ಏನಾಯಿತು, ಆಮೇಲಿನ ವರ್ಷಗಳಲ್ಲಿ ಅವನು ಹೇಗೆ ಬಾಳಿದ, ಕೇಳಿರುವ ಹುದ್ದೆಗೂ ಆ ತಪ್ಪಿಗೂ ಸಂಬಂಧವಿದೆಯೇ ಎಂಬುದನ್ನೂ ಬರೆದಾಗಲೇ ಅದು ಪೂರ್ವಾಪರ ವರದಿ. ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇದು. ಫಾರಂ ತುಂಬಲು ಕೂತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು: ಕೇಸು ಇದ್ದರೆ, ಅದು ಖುಲಾಸೆಯಾಗಿ ಮುಗಿದಿದ್ದರೂ, ಫಾರಂ ಕೇಳಿರುವಾಗ ಇದ್ದದ್ದನ್ನು ಇದ್ದಂತೆ ಬರೆಯಿರಿ, ತೀರ್ಪಿನ ಪ್ರತಿಯನ್ನು ಜೊತೆಗಿಡಿ.