ಹಸಿ ಗೆಂಡೆ ಮೀನಿನ ಮೂರು ಕಥೆ: ಚೀನಾ, ಕಲ್ಕತ್ತಾ, ಮಿನ್ನೆಸೋಟ

🐟 ತಟ್ಟೆಯ ಚರಿತ್ರೆ | ಭಾಗ 1/5

ಬೇಯಿಸಿದ್ರೆ ಮೀನಿನ ಸತ್ವ ಹೋಗುತ್ತೆ, ಕೊಬ್ಬು ಕಡಿಮೆ ಇರೋ ಮೀನನ್ನ ಹಸಿಯಾಗೇ ತಿಂದ್ರೆ ಪ್ಯೂರ್ ಪ್ರೋಟೀನ್ ಅನ್ನೋ ರೀಲ್ಸ್ ನಿಮ್ಮ ಫೀಡ್‌ಗೂ ಬಂದಿರಬೇಕು. ಜಿಮ್‌ಗೆ ಹೋಗೋ ಫ್ರೆಂಡ್ಸ್ ಅಂತೂ ಸ್ಟೋರಿ ಮೇಲೆ ಸ್ಟೋರಿ ಹಾಕ್ತಿದ್ದಾರೆ. ನಿಜಾನಾ?

ಇದಕ್ಕೆ ಉತ್ತರ ಹುಡುಕೋಕೆ ಒಂದೇ ಮೀನಿನ ಹಿಂದೆ ಹೋಗೋಣ: ಗೆಂಡೆ. ನಮ್ಮ ಕೆರೆಗಳಲ್ಲಿ ಸಾಕೋ ಕಾಟ್ಲಾ, ರೋಹು ಎಲ್ಲಾ ಇದೇ ಕುಟುಂಬದವು. ಸಾಮಾನ್ಯ ಗೆಂಡೆಯ 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 18 ಗ್ರಾಂ ಪ್ರೋಟೀನ್, 5-6 ಗ್ರಾಂ ಕೊಬ್ಬು. ಸಾಲ್ಮನ್‌ಗೆ ಹೋಲಿಸಿದ್ರೆ ತೆಳು ಮೀನೇ. ನಾವು ಇದನ್ನ ಹುಳಿ ಖಾರ ಹಾಕಿ ಕುದಿಸಿ ತಿಂತೀವಿ. ಹಸಿಯಾಗಿ ತಿಂದೋರ ಕಥೆ ಬೇರೆ ಕಡೆ ಇದೆ. ಸ್ವೈಪ್ ಮಾಡಿ 👉

ಭಾಗ 2/5 | ಚೀನಾ, ಸುಮಾರು 1,800 ವರ್ಷಗಳ ಹಿಂದೆ

ಹಳೇ ಚೀನಾದಲ್ಲಿ ಹಸಿ ಮೀನು ಅಥವಾ ಮಾಂಸವನ್ನು ತೆಳ್ಳಗೆ ಹೆಚ್ಚಿ ಮಾಡುವ ‘ಕುವಾಯ್’ ಅನ್ನೋ ತಿನಿಸು ಇತ್ತು. ಬಡವರ ಊಟ ಅಲ್ಲ, ದೊಡ್ಡವರ ಮನೆಯ ಇಷ್ಟದ ತಿನಿಸು.

3ನೇ ಶತಮಾನದ ಕೊನೆಯಲ್ಲಿ ಚೆನ್ ಶೌ ಬರೆದ ‘ಮೂರು ರಾಜ್ಯಗಳ ದಾಖಲೆ’ಯಲ್ಲಿ ಚೆನ್ ಡೆಂಗ್ ಅನ್ನೋ ಪ್ರಾಂತ್ಯಾಧಿಕಾರಿಯ ಪ್ರಸಂಗ ಬರುತ್ತೆ. ಎದೆಯೊಳಗೆ ಕಟ್ಟಿಕೊಂಡಂತೆ ಸಂಕಟ, ಮುಖ ಕೆಂಪು, ಊಟ ಸೇರದು. ಪ್ರಸಿದ್ಧ ವೈದ್ಯ ಹುವಾ ತುವೊ ನಾಡಿ ನೋಡಿ, ಹೊಟ್ಟೆಯಲ್ಲಿ ಹುಳು ಇದೆ, ಹಸಿ ತಿಂದಿದ್ದೇ ಕಾರಣ ಅಂದ. ಕಷಾಯ ಕುಡಿಸಿದ. ಹುಳುಗಳು ವಾಂತಿಯಲ್ಲಿ ಬಂದವು, ರೋಗಿ ಚೇತರಿಸಿಕೊಂಡ. ಆದರೆ ಮೂರು ವರ್ಷಕ್ಕೆ ಕಾಯಿಲೆ ಮರಳುತ್ತೆ, ಆಗ ಒಳ್ಳೇ ವೈದ್ಯ ಸಿಕ್ಕರೆ ಮಾತ್ರ ಬದುಕು ಅಂತ ಹುವಾ ತುವೊ ಎಚ್ಚರಿಸಿದ್ದ. ಮರಳಿತು. ಹುವಾ ತುವೊ ಆಗ ಅಲ್ಲಿರಲಿಲ್ಲ. ಚೆನ್ ಡೆಂಗ್ ಉಳಿಯಲಿಲ್ಲ.

ಇದನ್ನ ಲ್ಯಾಬ್ ರಿಪೋರ್ಟ್ ಥರ ಓದಬೇಡಿ. ಹಳೇ ಇತಿಹಾಸಕಾರರು ಕಥೆಗೆ ಸ್ವಲ್ಪ ಬಣ್ಣ ಹಚ್ಚೋದು ಸಾಮಾನ್ಯ. ಆದ್ರೆ ಹಸಿ ಮೀನಿಗೂ ಹೊಟ್ಟೆಯ ಹುಳುವಿಗೂ ನಂಟಿದೆ ಅನ್ನೋ ಅನುಮಾನ ಎಷ್ಟು ಹಳೇದು ನೋಡಿ. ಅನುಮಾನ ಇತ್ತು, ಆದರೂ ತಿನ್ನೋದು ನಿಲ್ಲಲಿಲ್ಲ. ರುಚಿಯ ಶಕ್ತಿ ಅದು.

ಭಾಗ 3/5 | ಕಲ್ಕತ್ತಾ, 1874

ಎರಡನೇ ಕಥೆ ನಮ್ಮ ದೇಶದ್ದೇ. ಕಲ್ಕತ್ತಾದ ಆಸ್ಪತ್ರೆಯಲ್ಲಿ ಒಬ್ಬ ಚೀನೀ ಬಡಗಿ ತೀರಿಕೊಂಡ. ವಯಸ್ಸು ಬರೀ 20, ಅಂದ್ರೆ ನಮ್ಮ ವಯಸ್ಸು. ಶವಪರೀಕ್ಷೆ ಮಾಡಿದ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಜೇಮ್ಸ್ ಮೆಕ್‌ಕಾನೆಲ್‌ಗೆ ಅವನ ಪಿತ್ತನಾಳಗಳ ತುಂಬ ಎಲೆಯಾಕಾರದ ಚಪ್ಪಟೆ ಹುಳುಗಳು ಸಿಕ್ಕವು. 1875ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬಂತು. ಇವತ್ತು ಕ್ಲೋನಾರ್ಕಿಸ್, ಅಂದ್ರೆ ಚೀನೀ ಲಿವರ್ ಫ್ಲೂಕ್ ಅಂತ ಕರೆಯೋ ಹುಳುವಿನ ಮೊದಲ ವಿವರಣೆ ಇದೇ.

ಹುಳು ಒಳಗೆ ಹೇಗೆ ಹೋಯ್ತು ಅನ್ನೋದು ಆಗ ಗೊತ್ತಿರಲಿಲ್ಲ. 1910ರ ಸುಮಾರಿಗೆ ಜಪಾನಿನ ಹರುಜಿರೊ ಕೊಬಯಾಶಿ ಇದರ ಮರಿಗಳು ಸಿಹಿನೀರಿನ ಮೀನಿನಲ್ಲಿರೋದನ್ನ ಕಂಡರು. 1918ರಲ್ಲಿ ಮಸಾಟೊಮೊ ಮುಟೊ ಬಸವನಹುಳುವಿನ ಪಾತ್ರವನ್ನ ತೋರಿಸಿದರು. ಚಕ್ರ ಪೂರ್ತಿಯಾಯ್ತು: ಮನುಷ್ಯನ ಮಲದಿಂದ ಮೊಟ್ಟೆ ನೀರಿಗೆ, ನೀರಿಂದ ಬಸವನಹುಳುವಿಗೆ, ಅಲ್ಲಿಂದ ಗೆಂಡೆ ಜಾತಿಯ ಮೀನಿನ ಮಾಂಸಕ್ಕೆ, ಹಸಿ ಮೀನಿನಿಂದ ಮತ್ತೆ ಮನುಷ್ಯನ ಪಿತ್ತನಾಳಕ್ಕೆ.

ಈ ಹುಳು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತೆ. ಇದರ ಹತ್ತಿರದ ಸಂಬಂಧಿಯೊಂದು ಈಶಾನ್ಯ ಥಾಯ್ಲೆಂಡಿನಲ್ಲಿ ‘ಕೊಯ್ ಪ್ಲಾ’ ಅನ್ನೋ ಹಸಿ ಮೀನಿನ ತಿನಿಸಿನಿಂದ ಹರಡಿ, ಅಲ್ಲಿ ಪಿತ್ತನಾಳದ ಕ್ಯಾನ್ಸರ್‌ಗೆ ದೊಡ್ಡ ಕಾರಣವಾಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ ಹುಳುವನ್ನ 1994ರಲ್ಲೇ, ಕ್ಲೋನಾರ್ಕಿಸ್ ಅನ್ನ 2009ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಹುಳು ಸಾಯುತ್ತೆ, ನಿಜ. ಆದ್ರೆ ಮತ್ತೆ ಹಸಿ ತಿಂದ್ರೆ ಮತ್ತೆ ಬರುತ್ತೆ.

ಭಾಗ 4/5 | ಮಿನ್ನೆಸೋಟ, 1932

ಸರಿ, ಹುಳು ಇಲ್ಲದ ಮೀನಾದ್ರೆ? ಆಗ ಹಸಿಯೇ ಪೌಷ್ಟಿಕ ತಾನೆ?

ಅಮೆರಿಕದ ಚಾಸ್ಟೆಕ್ ಅನ್ನೋರ ಫಾರ್ಮ್‌ನಲ್ಲಿ ತುಪ್ಪಳಕ್ಕಾಗಿ ನರಿ ಸಾಕ್ತಿದ್ರು. ಖರ್ಚು ಉಳಿಯಲಿ ಅಂತ ಆಹಾರಕ್ಕೆ ಹಸಿ ಗೆಂಡೆ ಬೆರೆಸಿದ್ರು. ನರಿಗಳು ಮೊದಲು ಊಟ ಬಿಟ್ಟವು, ಆಮೇಲೆ ಕಾಲಿನ ಹಿಡಿತ ತಪ್ಪಿತು, ಲಕ್ವ ಹೊಡೆದು ಸತ್ತವು. ರೋಗಕ್ಕೆ ‘ಚಾಸ್ಟೆಕ್ ಪ್ಯಾರಲಿಸಿಸ್’ ಅನ್ನೋ ಹೆಸರೇ ಬಂತು.

ಇದನ್ನ ಅಧ್ಯಯನ ಮಾಡಿದ ಆರ್. ಜಿ. ಗ್ರೀನ್ ಮತ್ತು ಸಂಗಡಿಗರಿಗೆ ಕಂಡಿದ್ದು ಇಷ್ಟು: ಅದೇ ಗೆಂಡೆಯನ್ನ ಬೇಯಿಸಿ ಕೊಟ್ರೆ ರೋಗ ಇಲ್ಲ. ವಿಟಮಿನ್ ಬಿ1, ಅಂದ್ರೆ ಥಯಾಮಿನ್ ಕೊಟ್ರೆ ನರಿ ಚೇತರಿಸಿಕೊಳ್ಳುತ್ತೆ. ಹಸಿ ಗೆಂಡೆಯಲ್ಲಿ ಥಯಾಮಿನ್ ಅನ್ನ ಒಡೆದುಹಾಕೋ ಥಯಾಮಿನೇಸ್ ಅನ್ನೋ ಕಿಣ್ವ ಇದೆ. ಅದು ಮೀನಿನಲ್ಲಿರೋ ಬಿ1 ಜೊತೆಗೆ ಊಟದ ಉಳಿದ ಬಿ1ಗೂ ಕೈ ಹಾಕುತ್ತೆ. ಬಿಸಿ ತಾಗಿದ್ರೆ ಕಿಣ್ವ ಕೆಡುತ್ತೆ.

ಅಂದ್ರೆ ‘ಹಸಿ = ಹೆಚ್ಚು ಸತ್ವ’ ಅನ್ನೋ ಲೆಕ್ಕ ಇಲ್ಲಿ ಪೂರ್ತಿ ತಲೆಕೆಳಗು. ಹಾಗಂತ ಎಲ್ಲಾ ಮೀನಿನಲ್ಲೂ ಈ ಕಿಣ್ವ ಇಲ್ಲ. ಕಾಡ್‌ನಂಥ ತೆಳು ಸಮುದ್ರ ಮೀನಲ್ಲಿ ಇಲ್ಲ. ಒಂದು ತುತ್ತಿಗೆ ಯಾರಿಗೂ ಲಕ್ವ ಹೊಡೆಯೋದೂ ಇಲ್ಲ. ದಿನಾ ಅದನ್ನೇ ಡಯಟ್ ಮಾಡ್ಕೊಂಡ್ರೆ ಮಾತ್ರ ಯೋಚಿಸಬೇಕಾದ ವಿಷಯ.

ಭಾಗ 5/5 | ಹಾಗಾದ್ರೆ ನಾವೇನು ಮಾಡೋದು?

✅ ಬೇಯಿಸಿದ್ರೆ ಪ್ರೋಟೀನ್ ಆವಿಯಾಗಲ್ಲ. ಅದರ ಆಕಾರ ಬದಲಾಗುತ್ತೆ, ಅಷ್ಟೇ. ನೀರಿಗೆ ಇಳಿಯೋ ಸ್ವಲ್ಪ ಬಿ ವಿಟಮಿನ್ ಸಾರಿಗೆ ಹೋಗುತ್ತೆ. ಸಾರನ್ನ ನಾವು ಚೆಲ್ಲಲ್ವಲ್ಲ!

✅ ಸಿಹಿನೀರಿನ ಮೀನು ಹಸಿಯಾಗಿ ಬೇಡವೇ ಬೇಡ.

✅ ನಿಂಬೆ ರಸ, ವಿನೆಗರ್, ಖಾರ ಯಾವುದೂ ಹುಳು ಕೊಲ್ಲೋ ಗ್ಯಾರಂಟಿ ಕೊಡಲ್ಲ.

✅ ಹಸಿಯಾಗಿ ಬಡಿಸೋ ಮೀನಿಗೆ ಅಮೆರಿಕದ ಎಫ್‌ಡಿಎ ಹೇಳೋ ಒಂದು ವಿಧಾನ: -20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ. ಪದೇಪದೇ ಬಾಗಿಲು ತೆಗೆಯೋ ಮನೆ ಫ್ರೀಜರ್‌ನಲ್ಲಿ ಅಷ್ಟು ಚಳಿ ನಿಲ್ಲುತ್ತೆ ಅಂತ ನಂಬೋ ಹಾಗಿಲ್ಲ. ಫ್ರೀಜ್ ಮಾಡಿದ್ರೆ ಹುಳು ಸಾಯುತ್ತೆ, ಬ್ಯಾಕ್ಟೀರಿಯಾ ಎಲ್ಲಾ ಸಾಯಲ್ಲ.

✅ ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರೋರು ಹಸಿ ಮೀನಿನಿಂದ ದೂರ ಇರೋದೇ ಒಳ್ಳೇದು.

ಒಬ್ಬ ಅಧಿಕಾರಿ, ಒಬ್ಬ ಬಡಗಿ, ಒಂದು ಫಾರ್ಮ್‌ನ ನರಿಗಳು. ಇಷ್ಟು ಜೀವ ಹೋದ ಮೇಲೆ ಗೊತ್ತಾದ ವಿಷಯ ನಮಗೆ ಫ್ರೀಯಾಗಿ ಸಿಕ್ಕಿದೆ. ಮೂವತ್ತು ಸೆಕೆಂಡಿನ ರೀಲ್ ನೋಡಿ ಅದನ್ನ ಮರೆಯೋದು ಬೇಡ. ಹಸಿ ಮೀನಿನ ಡಯಟ್ ಶುರು ಮಾಡ್ತೀನಿ ಅನ್ನೋ ಆ ಫ್ರೆಂಡ್‌ನ ಕೆಳಗೆ ಟ್ಯಾಗ್ ಮಾಡಿ 👇

#ತಟ್ಟೆಯಚರಿತ್ರೆ #ಕನ್ನಡದಲ್ಲಿಇತಿಹಾಸ #ಮೀನುಸಾರು