ಟೈರಿನ ಅಡಿಯ ಬೆಣೆ

2004ರಲ್ಲಿ ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಕಾರಲ್ಲ, ಕಾರಿನ ಸುತ್ತಲಿನ ಗಾಳಿ. ಅದನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಕತ್ತರಿಸಿ ಕೊಡಬೇಕು. ಒಂದೊಂದರಲ್ಲೂ ವೇಗವೆಷ್ಟು, ಒತ್ತಡವೆಷ್ಟು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೀಗೆ ಕತ್ತರಿಸಿದ ಕೋಶಗಳ ಬಲೆಯೇ ಮೆಶ್. ಅಮ್ಮನಿಗೆ ಮೆಶ್ ಅಂದರೆ ಕಿಟಕಿಗೆ ಹೊಡೆಸುವ ಸೊಳ್ಳೆ ಜಾಲರಿ. ತುಂಬಾ ದಿನ ಹಾಗೇ ನಂಬಿದ್ದಳು.

ಈ ಕಸುಬಿನ ಹಿಂದೆ ಕೂಲಿಯ ಚರಿತ್ರೆಯೂ ಇದೆ. 1910ರಲ್ಲಿ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಅಣೆಕಟ್ಟಿನೊಳಗಿನ ಒತ್ತಡ ತಿಳಿಯಲು ಚೌಕಳಿ ಎಳೆದು, ಬಿಂದುವಿಗೆ ಇಷ್ಟು ಎಂದು ಹುಡುಗರಿಗೆ ದುಡ್ಡು ಕೊಟ್ಟು ಲೆಕ್ಕ ಮಾಡಿಸಿದ. ತಪ್ಪಿದ್ದಕ್ಕೆ ಕಾಸಿಲ್ಲ. ನಮ್ಮ ಕಾಲಕ್ಕೆ ಲೆಕ್ಕ ಯಂತ್ರದ ಪಾಲಾಗಿ, ಚೌಕಳಿ ಎಳೆಯುವುದಷ್ಟೇ ನಮಗೆ ಉಳಿದಿತ್ತು.

ದುಂಡನೆಯ ಟೈರ್ ನೆಲ ಮುಟ್ಟುವಲ್ಲಿ ಗಾಳಿಯ ಜಾಗ ಬೆಣೆಯ ತುದಿಯಂತೆ ಕಿರಿದಾಗುತ್ತದೆ. ಅಲ್ಲಿ ಸಿಕ್ಕಿಬಿದ್ದ ಕೋಶಗಳು ಹಪ್ಪಳದಂತೆ ಚಪ್ಪಟೆ, ಮೇಲಾಗಿ ಸೊಟ್ಟ. ಆ ಸೊಟ್ಟತನದ ಅಳತೆಯಾದ ಸ್ಕ್ಯೂನೆಸ್ 0.98 ದಾಟಿತೆಂದರೆ ಲೆಕ್ಕ ಮುಗ್ಗರಿಸುತ್ತದೆ. ಮೂರು ದಿನ ತಿಣುಕಿದೆ. ಕೊನೆಗೆ ಸೀನಿಯರ್ ಬಂದು ಟೈರಿನಡಿ ಕೆಲವೇ ಮಿಲಿಮೀಟರ್ ಎತ್ತರದ ಪೀಠ ಇಟ್ಟು ಬೆಣೆಯನ್ನೇ ಮುಚ್ಚಿಬಿಟ್ಟರು.

“ನಿಜವಾದ ಕಾರಿಗೆ ಪೀಠ ಇರಲ್ವಲ್ಲ ಸಾರ್?”

“ಆ ಸಂದಿಯಲ್ಲಿ ಹರಿಯೋ ಗಾಳಿಯಾದರೂ ಎಷ್ಟಿದೆಯಪ್ಪ?”

ಕೋಶ ಚೆಂದವಿದ್ದರೆ ಸಾಕು ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದ್ದು ಅಹ್ಮದ್ ಬಾಡಿ. 1984ರಲ್ಲಿ ಜರ್ಮನಿಯ ಎಸ್. ಆರ್. ಅಹ್ಮದ್ ಮತ್ತು ಸಂಗಡಿಗರು ಪ್ರಕಟಿಸಿದ, ಗಾಳಿಸುರಂಗದಲ್ಲಿ ಅಳೆದ ಮಾದರಿ: 1044 ಮಿ.ಮೀ. ಉದ್ದ, ಮೂತಿ ದುಂಡು, ಬೆನ್ನು ಇಳಿಜಾರು. ಗಾಳಿ ಹಿಂದಕ್ಕೆ ಜಗ್ಗುವ ಬಲ, ಅಂದರೆ ಡ್ರ್ಯಾಗ್, ಇಳಿಜಾರು 30 ಡಿಗ್ರಿಯ ಹತ್ತಿರ ಬರುವವರೆಗೆ ಏರಿ, ಅಲ್ಲಿಂದಾಚೆ ಧೊಪ್ಪನೆ ಬೀಳುತ್ತದೆ. 25 ಡಿಗ್ರಿಯಲ್ಲಿ ಗಾಳಿ ಮೇಲಂಚಿನಲ್ಲಿ ಬಿಟ್ಟು, ಇಳಿಜಾರಿನ ಮೇಲೆಯೇ ಮತ್ತೆ ಅಂಟಬೇಕು. ನನ್ನ ಲೆಕ್ಕದಲ್ಲಿ ಅಂಟಲೇ ಇಲ್ಲ. ಕೋಶಗಳ ಕ್ವಾಲಿಟಿ ರಿಪೋರ್ಟ್ ಮಾತ್ರ ಪೂರ್ತಿ ಹಸಿರು! ಗಾಳಿಯ ಸುಳಿಗಳನ್ನು ಅಂದಾಜಿಸುವ ಟರ್ಬುಲೆನ್ಸ್ ಮಾಡೆಲ್‌ಗಳಿಗೂ ಈ ಮರು ಅಂಟುವಿಕೆ ಕಗ್ಗಂಟೇ, ನಿಜ. ಆದರೆ ನಾನು ಸಣ್ಣ ಕೋಶಗಳನ್ನೆಲ್ಲ ಮೂತಿಗೆ ಸುರಿದು, ಗಾಳಿ ಬಿಟ್ಟುಹೋಗುವ ಆ ಅಂಚಿಗೆ ದಪ್ಪ ಕೋಶ ಕೊಟ್ಟಿದ್ದೆ.

ಆಮೇಲೆ ತಾನಾಗಿ ಮೆಶ್ ಮಾಡುವ ಪ್ರೋಗ್ರಾಂಗಳು ಬಂದವು. 2008ರಲ್ಲಿ ಗಾಳಿಯ ಲೆಕ್ಕ ಹಾಕುವ ಓಪನ್‌ಫೋಮ್ ತಂತ್ರಾಂಶದ ಜೊತೆ ಅಂಥದ್ದೇ ಒಂದು, ಸ್ನ್ಯಾಪಿಹೆಕ್ಸ್‌ಮೆಶ್, ಪುಕ್ಕಟೆ ಸಿಕ್ಕಿತು. ವಾರಗಟ್ಟಲೆಯ ಕೆಲಸ ಒಂದು ರಾತ್ರಿಗೆ ಇಳಿಯಿತು. ಬೆಳಿಗ್ಗೆ ಕಾಫಿ ಹಿಡಿದು ಕೂತಾಗ ಈಗಲೂ ಮೊದಲು ನೋಡುವುದು ಟೈರಿನ ಅಡಿಯನ್ನೇ. ಕಾರಿನ ಮೈಗೆ ಒತ್ತಿಕೊಂಡು, ಒಂದಕ್ಕಿಂತ ಒಂದು 1.2 ಪಟ್ಟು ದಪ್ಪವಾಗುತ್ತ ಏಳಬೇಕಾದ ಕೋಶಗಳ ಪದರಗಳನ್ನು ಪ್ರೋಗ್ರಾಂ ಅಲ್ಲಿ ಸದ್ದಿಲ್ಲದೆ ಕೈಬಿಟ್ಟಿರುತ್ತದೆ.